ಡ್ರೈವಿಗೆ ಹಾಲು ಉಕ್ಕಿಸುತ್ತಿದ್ದ ಅಕ್ಕೋರು

ಈಗಲೂ ಯಾರಾದರೂ ಫೋನ್ ಮಾಡಿ, "ಕಂಪ್ಯೂಟರಿನಲ್ಲಿ ಫೈಲ್ ಇಡೋಕೆ ಅತೀ ಫಾಸ್ಟ್ ಇರೋ ಎಸ್‌ಎಸ್‌ಡಿ ಡ್ರೈವ್ ಯಾವುದು ಹೇಳಿ, ದೊಡ್ಡದೇ ಇರ್ಲಿ" ಎಂದು ಕೇಳಿದರೆ ನನಗೆ ಸರ್ರನೆ ಸಿಟ್ಟು ಬರುತ್ತದೆ. "ಫಾಸ್ಟ್ ಕಟ್ಕೊಂಡು ಏನ್ ಮಾಡ್ತೀರಾ? ದಿನಾ ಮಾಡೋ ಕೆಲಸ ಏನು, ಅದನ್ನ ಹೇಳಿ ಮೊದಲು" ಎಂದು ರೇಗಿಬಿಡುತ್ತೇನೆ. ಕೇಳಿದವರು ಪಾಪ ತಬ್ಬಿಬ್ಬಾಗುತ್ತಾರೆ. ನಿಜ ಹೇಳಬೇಕೆಂದರೆ ಈ ಸಿಟ್ಟು ನನ್ನದಲ್ಲ, ಎರವಲು ತಂದದ್ದು. ನಾವಿರುವ ಈ ಪರದೇಶದಲ್ಲಿ, ಮೆಟುಚೆನ್ ಎಂಬ ಊರಿನ ಒಂದು ಮನೆಯ ಬೇಸ್‌ಮೆಂಟಿನಲ್ಲಿ, ರೈಲು ಹೋದಾಗಲೆಲ್ಲ ಕಿಟಕಿ ಗಾಜು ಅದುರುವ ಕೋಣೆಯಲ್ಲಿ ಕೂತು ಊರವರ ಕಂಪ್ಯೂಟರ್ ನೋಡಿಕೊಡುತ್ತಿದ್ದ ಒಬ್ಬ ಹೆಂಗಸಿನದು ಅದು. ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಾರಿಸ್‌ಟೌನ್‌ನಲ್ಲಿರುವ ಅವರ ಮಗಳು ಫೋನ್ ಮಾಡಿ, "ಅಮ್ಮನ ಟೇಬಲ್ ಮೇಲಿರೋದು ಯಾವುದು ಇಡೋದು, ಯಾವುದು ಎಸೆಯೋದು ಗೊತ್ತಾಗ್ತಿಲ್ಲ, ಬರ್ತೀರಾ?" ಎಂದಳು. ಹೋದೆ. ಅರ್ಧ ದಿನ ಆ ಟೇಬಲ್ಲಿನ ಮುಂದೆ ಸುಮ್ಮನೆ ಕೂತು, ಏನನ್ನೂ ಎಸೆಯಲಾಗದೆ ವಾಪಸು ಬಂದೆ.

ಅವರನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಮೊದಲ ಸಲ ಹೋದಾಗ ನಾನು, ಇಲ್ಲಿ ಎಲ್ಲರಿಗೂ ಅನ್ನುವ ಹಾಗೆ, "ಆಂಟಿ" ಎಂದೆ. ಮೂಗಿನ ಮೇಲೊಂದು, ತಲೆಯ ಮೇಲೊಂದು ಕನ್ನಡಕ ಇಟ್ಟುಕೊಂಡಿದ್ದ ಅವರು ತಲೆ ಎತ್ತಿದರು. "ಯಾರ ಆಂಟಿ? ನಮ್ಮ ಧಾರವಾಡ ಕಡೆ ಸಾಲ್ಯಾಗ ಕಲಿಸೋ ಹೆಣ್ಮಕ್ಕಳಿಗೆ ಅಕ್ಕೋರು ಅಂತಾರ. ನನ್ ಕಡೆ ಏನಾರ ಕಲಿಯೂದಿದ್ರ ಅಕ್ಕೋರು ಅನ್ನು. ಇಲ್ಲಾಂದ್ರ ಚಾ ಕುಡದು ಮನಿಗೆ ಹೋಗು." ನಾನು ಮೈಸೂರಿನ ಹುಡುಗಿ, ಇಂಥ ಮಾತು ಕೇಳಿ ಅಭ್ಯಾಸವಿಲ್ಲ. ಮುಖ ಕೆಂಪಗಾಯಿತು. ಆದರೂ ಅಕ್ಕೋರು ಎಂದೆ. ಹತ್ತು ವರ್ಷ ಹಾಗೇ ಕರೆದೆ.

ಶಾಲೆಯಲ್ಲಿ ಕಲಿಸಿದವರೇನಲ್ಲ ಅವರು. ಒಂದು ಕಂಪನಿಯ ಲ್ಯಾಬಿನಲ್ಲಿ ಡಿಸ್ಕುಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಹೊಸ ಡಿಸ್ಕಿನ ಮೇಲೆ ಅದು ಸಾಯುವವರೆಗೂ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು, ಎಷ್ಟನೇ ದಿನಕ್ಕೆ ಸತ್ತಿತು ಎಂದು ನಮೂದಿಸುವುದು. "ಕಟುಕರ ಕೆಲಸ" ಎನ್ನುತ್ತಿದ್ದರು. ಹಾಗೆ ಸಾವಿರಾರನ್ನು ಕೊಂದಿದ್ದಕ್ಕೋ ಏನೋ, ಬದುಕಿರುವುದನ್ನು ಕೈಯಲ್ಲಿ ಹಿಡಿಯುವಾಗ ಬಹಳ ಮೃದು. ಡ್ರೈವ್ ಎನ್ನುವ ಬೆರಳಗಲದ ಆ ಪುಟ್ಟ ಹಲಗೆಯನ್ನು, ಕರಿದ ಹಪ್ಪಳವನ್ನು ಹಿಡಿದ ಹಾಗೆ, ಎರಡು ಅಂಚಿನಲ್ಲಿ ಮಾತ್ರ ಹಿಡಿಯುತ್ತಿದ್ದರು. ಅವರ ಟೇಬಲ್ ಹತ್ತಿರ ಹೋಗುವವರು ಮೊದಲು ಮೂಲೆಯ ಸಿಂಕಿನ ನಲ್ಲಿ ಮುಟ್ಟಿ ಬರಬೇಕು. ಇಲ್ಲಿಯ ಚಳಿಗಾಲದಲ್ಲಿ ಕಾರ್ಪೆಟ್ ಮೇಲೆ ನಡೆದರೆ ಮೈಯಲ್ಲಿ ಕರೆಂಟು ಕೂಡುತ್ತದಲ್ಲ, ಅದು ಡ್ರೈವಿಗೆ ತಗುಲಬಾರದು ಎಂದು. ಒಮ್ಮೆ ಯಾರದೋ ಸೀಮಂತ ಮುಗಿಸಿ ರೇಷ್ಮೆ ಸೀರೆಯಲ್ಲೇ ಇಳಿದು ಬಂದ ದೊಡ್ಡ ಡಾಕ್ಟರೊಬ್ಬರನ್ನು ಮೆಟ್ಟಿಲ ಮೇಲೇ ನಿಲ್ಲಿಸಿ, "ಲ್ಯಾಪ್‌ಟಾಪ್ ಕೊಟ್ಟು ಅಲ್ಲೇ ನಿಂದರ್ರಿ, ಸೀರಿ ಭಾಳ ಛಲೋ ಐತಿ, ಹತ್ರ ಬರಬ್ಯಾಡ್ರಿ" ಎಂದಿದ್ದರು.

ಡ್ರೈವ್ ಆರಿಸುವಾಗ ಅವರು ಡಬ್ಬಿಯ ಮೇಲಿನ ಅಂಕಿ ನೋಡುತ್ತಿರಲಿಲ್ಲ. ಕೇಳಲು ಹೋದವರನ್ನೇ ನೋಡುತ್ತಿದ್ದರು. ದಿನಕ್ಕೆ ಎಷ್ಟು ಬರೆಯುತ್ತೀ, ಎಷ್ಟು ಹೊತ್ತು ಒಂದೇ ಸಮ ಬರೆಯುತ್ತೀ, ಮಷೀನು ಎಷ್ಟು ಬಿಸಿಯಾಗುತ್ತದೆ, ಅದರೊಳಗೆ ಡ್ರೈವ್ ಕೂರುವ ಕಿಂಡಿ ಯಾವ ಕಾಲದ್ದು? "ಮೊದಲ್ನೇ ನಿಮಿಷ ಎಲ್ಲಾವೂ ಓಡ್ತಾವ. ಅರ್ಧಾ ತಾಸು ಆದ್ಮ್ಯಾಲೆ ಉಸಿರು ಎಷ್ಟ್ ಉಳದೈತಿ, ಅದನ್ನ ನೋಡಬೇಕವಾ" ಎನ್ನುತ್ತಿದ್ದರು. ದೊಡ್ಡದು ತೆಗೆದುಕೋ, ಆದರೆ ಐದರಲ್ಲಿ ಒಂದು ಪಾಲು ಖಾಲಿ ಬಿಡು ಎಂದೂ ಹೇಳುತ್ತಿದ್ದರು. "ತುಂಬಿದ ಕೊಡ ತುಳುಕಂಗಿಲ್ಲ ಅಂತಾರಲ್ಲ, ಅದು ಕೊಡಕ್ಕ. ಇದು ತುಂಬಿದ್ರ ತೆವಳತೈತಿ."

ಇಷ್ಟಕ್ಕೆ ಮುಗಿಯುತ್ತಿರಲಿಲ್ಲ. ಹೊಸ ಡ್ರೈವ್ ಬಂದ ಮೇಲೆ ಅದನ್ನು ನಮ್ಮ ಕೈಗೆ ಕೊಡುವ ಮೊದಲು ಅವರು ಅದರ ತುಂಬ, ಕಂಠದವರೆಗೆ, ಏನೇನೋ ಗೀಚು ಬರೆದು ತುಂಬಿಸಿ, ಬರೆದದ್ದನ್ನೆಲ್ಲ ಮತ್ತೆ ಓದಿಸಿ, ಒಂದಕ್ಷರವೂ ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡು, ಎಲ್ಲ ಅಳಿಸಿ ಕೊಡುತ್ತಿದ್ದರು. ದೊಡ್ಡ ಡ್ರೈವಾದರೆ ಒಂದು ದಿನ, ಒಂದೂವರೆ ದಿನ ಹಿಡಿಯುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ಹಾಲು ಉಕ್ಕಿಸುವುದು. "ಹೊಸ ಮನ್ಯಾಗ ಹಾಲು ಉಕ್ಕಸದ ಸಾಮಾನು ಇಡ್ತಾರೇನು? ಉಕ್ಕಲಿ ಒಂದ್ಸಲ. ಆಮ್ಯಾಲೆ ಸಂಸಾರ ಹೂಡು." ನಾವೆಲ್ಲ ನಗುತ್ತಿದ್ದೆವು. ನಾನಂತೂ ಅವರ ಬೆನ್ನ ಹಿಂದೆ ಆಡಿಕೊಂಡೂ ಇದ್ದೆ.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. ಆಫೀಸ್ ಕೆಲಸ ಹೋದ ಮೇಲೆ ನಾನು ವಿಡಿಯೋ ತೆಗೆಯುವುದನ್ನೇ ಹಿಡಿದಿದ್ದೆ. ಮದುವೆ, ನಾಮಕರಣ, ಮಕ್ಕಳ ನೃತ್ಯ. ಹೋದ ವರ್ಷ ಸೇತುವೆಗಳಾಚೆಯ ಜೆರಿಕೋ ಎಂಬ ಊರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಇಲ್ಲೇ ಹುಟ್ಟಿದವಳು, ವಕೀಲೆ. ಅವಳ ತಂದೆಗೆ ಎಂಬತ್ತು. ಉಡುಪಿ ಕಡೆಯಿಂದ ಬಂದು ಕ್ವೀನ್ಸ್‌ನಲ್ಲಿ ಹೋಟೆಲು ನಡೆಸಿದವರು, ಹೆಂಡತಿ ಮೈಸೂರಿನವರಾದ್ದರಿಂದ ಮನೆಯಲ್ಲಿ ಕನ್ನಡವೇ. ಮೂರು ದಿನ ಅವರನ್ನು ಕೂರಿಸಿ ಬದುಕಿನ ಕಥೆಯೆಲ್ಲ ಹೇಳಿಸಿ ರೆಕಾರ್ಡ್ ಮಾಡಬೇಕು, ಮೊಮ್ಮಕ್ಕಳಿಗಿರಲಿ ಎಂದು ಅವಳ ಆಸೆ. ನನ್ನ ಲ್ಯಾಪ್‌ಟಾಪ್‌ನ ಡ್ರೈವ್ ಅಷ್ಟೊತ್ತಿಗೆ ತುಂಬಿ ತೆವಳುತ್ತಿತ್ತು. ಅಕ್ಕೋರ ಹತ್ತಿರ ಹೋದೆ. ಎಲ್ಲ ಪ್ರಶ್ನೆ ಕೇಳಿ, ನಾಲ್ಕು ಟೆರಾಬೈಟಿನ ಒಂದನ್ನು ಆರಿಸಿ ತರಿಸಿದರು. ಅದು ಬಂದದ್ದು ಬುಧವಾರ. ಶೂಟಿಂಗ್ ಗುರುವಾರ ಬೆಳಿಗ್ಗೆ.

"ಶುಕ್ರವಾರ ಬಾ, ಹಾಲು ಉಕ್ಕಿಸಿ ಕೊಡ್ತೀನಿ" ಎಂದರು.

"ನಾಳೇನೇ ಶೂಟ್ ಇದೆ ಅಕ್ಕೋರೇ. ಈ ಸಲ ಹಾಗೇ ಕೊಟ್ಬಿಡಿ."

"ಕೊಡಂಗಿಲ್ಲ."

"ನನ್ನ ಡ್ರೈವು, ನನ್ನ ದುಡ್ಡು!"

"ಮಾತು ಯಾರ್ದವಾ? ಆ ಮುದುಕರ್ದು. ನಿಂದಲ್ಲ."

ಮೈಯೆಲ್ಲ ಉರಿದುಹೋಯಿತು. ದಡದಡ ಮೆಟ್ಟಿಲು ಹತ್ತಿ ಬಂದವಳೇ ಕಾರಿನಲ್ಲೇ ಕೂತು ಫೋನಿನಲ್ಲಿ ಹುಡುಕಿದೆ. ಹೆಸರೇ ಕೇಳಿರದ ಯಾವನೋ ಮಾರುವವನ ಹತ್ತಿರ ಎಂಟು ಟೆರಾಬೈಟಿನದು ಸಿಕ್ಕಿತು. ಅಕ್ಕೋರು ಆರಿಸಿದ್ದಕ್ಕಿಂತ ಎರಡು ಪಟ್ಟು ದೊಡ್ಡದು, ಅಂಕಿಯ ಪ್ರಕಾರ ಎರಡು ಪಟ್ಟು ವೇಗ, ಬೆಲೆಯೂ ಕಡಿಮೆ. ಮಾರನೆಯ ದಿನ ನಾನು ಜೆರಿಕೋದಿಂದ ಬರುವಷ್ಟರಲ್ಲಿ ಬಾಗಿಲಲ್ಲಿತ್ತು. ಒಂದೇ ಒಂದು ಸ್ಕ್ರೂ, ನಾನೇ ಕೂರಿಸಿದೆ. ಹಳೆಯ ಫೈಲುಗಳನ್ನೆಲ್ಲ ಮೊದಲು ಸುರಿದೆ, ಹಾರಿಕೊಂಡು ಹೋದವು. ಎಂಥ ಖುಷಿ ನನಗೆ! ಪರದೆಯ ಫೋಟೋ ತೆಗೆದು ಅಕ್ಕೋರಿಗೆ ಕಳಿಸಿದೆ, ಹೊಟ್ಟೆ ಉರಿಯಲಿ ಎಂದೇ. ಒಂದೇ ಸಾಲು ಉತ್ತರ ಬಂತು. "ತುಂಬಿಸಿ ನೋಡಿದೆಯೇನು?"

ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದೆ. ಹಸಿ ಸುಳ್ಳು.

ಅವಳ ತಂದೆ, ನನಗೆ ಅಂಕಲ್, ಮೂರು ದಿನ ಮಾತಾಡಿದರು. ಅದೆಂಥ ಮಾತು! ಹದಿನಾಲ್ಕು ವರ್ಷಕ್ಕೆ ಮನೆ ಬಿಟ್ಟದ್ದು, ಮುಂಬಯಿಯಲ್ಲಿ ಲೋಟ ತೊಳೆದದ್ದು, ಇಲ್ಲಿ ಬಂದು ಮೊದಲ ಸಲ ಮಾಡಿದ ಸಾಂಬಾರನ್ನು ಗಿರಾಕಿಯೊಬ್ಬ ಸೂಪ್ ಎಂದು ಕುಡಿದು ಎರಡನೇ ಸಲ ಕೇಳಿದ್ದು. ನಗಿಸಿ ನಗಿಸಿ ನನ್ನ ಕ್ಯಾಮೆರಾ ಅಲ್ಲಾಡಿಸಿದರು. ನಾನು ದಿನಾ ಸಂಜೆ ಕ್ಯಾಮೆರಾದ ಕಾರ್ಡುಗಳನ್ನು ಡ್ರೈವಿಗೆ ಕಾಪಿ ಮಾಡಿ, ಹೆಸರು ಸರಿಯಿದೆ, ಗಾತ್ರ ಸರಿಯಿದೆ ಎಂದು ನೋಡಿ, ಕಾರ್ಡು ಫಾರ್ಮ್ಯಾಟ್ ಮಾಡಿ, ಎಂದರೆ ಇದ್ದದ್ದನ್ನೆಲ್ಲ ಅಳಿಸಿ, ಮಾರನೆಯ ದಿನಕ್ಕೆ ಬಳಸಿದೆ. ಒಂದು ಫೈಲನ್ನೂ ತೆರೆದು ನೋಡಲಿಲ್ಲ. ಭಾನುವಾರ ಅದೇ ಕಾರ್ಡುಗಳಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ ತೆಗೆದೆ.

ಎರಡು ವಾರಕ್ಕೆ ಅಂಕಲ್‌ಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತು ಹೋಯಿತು. ಮಗಳು ಫೋನ್ ಮಾಡಿದಳು. "ಪಪ್ಪಾಗೆ ಎಲ್ಲ ಅರ್ಥ ಆಗತ್ತೆ, ಬಟ್ ಒಂದು ವರ್ಡೂ ಬರ್ತಿಲ್ಲ. ಸ್ಪೀಚ್ ಥೆರಪಿಸ್ಟ್ ಅವರ ವಾಯ್ಸ್ ಅವರಿಗೇ ಕೇಳ್ಸಿ ನೋಡೋಣ ಅಂತಿದಾರೆ. ಎಡಿಟ್ ಏನೂ ಬೇಡ, ಇದ್ದಹಾಗೇ ಕಳ್ಸಿ, ಪ್ಲೀಸ್."

"ಇವತ್ತೇ ಕಳಿಸ್ತೀನಮ್ಮ" ಎಂದೆ.

ಮೊದಲ ಫೈಲು ತೆರೆದೆ. ಲೈಟು ಸರಿಮಾಡುತ್ತಿರುವ ನನ್ನದೇ ಬೆನ್ನು, ಖಾಲಿ ಕುರ್ಚಿ. ಎರಡನೆಯದು ತೆರೆದೆ. ಬೂದು ಬಣ್ಣ. ಮೂರನೆಯದು ತೆರೆಯಲೇ ಇಲ್ಲ. ಮೂವತ್ತನೆಯದೂ ತೆರೆಯಲಿಲ್ಲ. ಹೆಸರಿದೆ, ಗಾತ್ರವಿದೆ, ಒಳಗೆ ಏನೂ ಇಲ್ಲ. ಲ್ಯಾಪ್‌ಟಾಪ್, ಕಾರ್ಡುಗಳು ಎಲ್ಲ ಎತ್ತಿಕೊಂಡು ಮೆಟುಚೆನ್‌ಗೆ ಹೋದೆ. ಇಪ್ಪತ್ತು ನಿಮಿಷದ ದಾರಿ, ಯಾವ ಸಿಗ್ನಲ್ ಹೇಗೆ ದಾಟಿದೆನೋ ದೇವರೇ ಬಲ್ಲ.

ಅಕ್ಕೋರು ಡ್ರೈವ್ ಬಿಚ್ಚಿ ದೀಪದ ಕೆಳಗೆ ಹಿಡಿದರು. ಉಗುರಿನಿಂದ ಮೇಲಿನ ಸ್ಟಿಕ್ಕರ್ ಎಬ್ಬಿಸಿದರು. ಕೆಳಗಿದ್ದ ಚಿಪ್ಪಿನ ಸಂಖ್ಯೆ ಓದಿದರು. ತಮ್ಮ ಮಷೀನಿಗೆ ಹಾಕಿ ಏನೋ ಓಡಿಸಿದರು. ನಾನು ಸ್ಟೂಲಿನ ತುದಿಯಲ್ಲಿ ಕೂತಿದ್ದೆ. ಒಂದು ರೈಲು ಹೋಯಿತು, ಇನ್ನೊಂದು ಹೋಯಿತು.

"ಇದು ಎಂಟಲ್ಲವಾ. ಒಂದೂ ಇಲ್ಲ" ಎಂದರು ಕೊನೆಗೆ. "ಕಾಲು ಟೆರಾಬೈಟಿನ ಚಿಪ್ಪಿಗೆ ಎಂಟು ಅಂತ ಸುಳ್ಳು ಹೇಳಾಕ ಕಲಿಸ್ಯಾರ. ಅದರಾಚೆ ನೀ ಬರದಿದ್ದೆಲ್ಲಾ ಗಾಳ್ಯಾಗ ಬರದಂಗ."

ತುಂಬಿಸಿ ನೋಡಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಅದನ್ನು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಆ ಹೆಬ್ಬೆರಳು ಮಾತ್ರ ಇಬ್ಬರ ಫೋನಿನಲ್ಲೂ ಹಾಗೇ ಇತ್ತು. ಬೈಯಲಿ ಎಂದು ಕಾದೆ. ಚಪ್ಪಲಿಯಲ್ಲಿ ಹೊಡೆದಿದ್ದರೂ ಸರಿಯೇ. ಅವರು, "ಕಾರ್ಡ್ ತಾ" ಎಂದು ಕೈಚಾಚಿದರು. ಕೊಟ್ಟೆ. ಅವನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡರು. "ಈಗ ಅವ್ರಿಗೆ ಫೋನ್ ಮಾಡು."

"ಯಾರಿಗೆ?"

"ಯಾರ್ದು ಐತಿ ಅವ್ರಿಗೆ. ಏನಾಗೇತಿ ಹೇಳು."

"ಮೊದಲು ಎಷ್ಟು ಸಿಗತ್ತೆ ನೋಡೋಣ ಅಕ್ಕೋರೇ. ಸಿಕ್ಕಿದ್ರೆ ಹೇಳೋ ಪ್ರಮೇಯಾನೇ ಇರಲ್ಲ."

"ಅವ್ರ ಸಾಮಾನು. ಅವ್ರಿಗೆ ಗೊತ್ತಿಲ್ದ ನಾ ಕೈ ಹಚ್ಚಂಗಿಲ್ಲ. ನಾ ಒಂದು ತಪ್ಪು ಮಾಡಿದ್ರ ಇರೂದೂ ಹೋಗ್ತೈತಿ. ಆಗ ಏನ್ ಹೇಳ್ತೀ?"

ಜಗಳ ಆಡಿದೆ, ಬೇಡಿಕೊಂಡೆ, ನಾಳೆ ಮಾಡುತ್ತೇನೆ ಎಂದೆ. ಅವರು ಕೈಕಟ್ಟಿ ಕೂತರು. ಕೊನೆಗೆ ಅವರ ಎದುರೇ, ಸ್ಪೀಕರ್ ಹಾಕಿ ಫೋನ್ ಮಾಡಿದೆ. ಎಲ್ಲ ಹೇಳಿದೆ, ತುಂಬಿಸಿ ನೋಡದೇ ಬಳಸಿದ್ದನ್ನೂ, ಕಾರ್ಡ್ ಫಾರ್ಮ್ಯಾಟ್ ಮಾಡಿದ್ದನ್ನೂ. ಆ ಕಡೆಯಿಂದ ಅವಳ ದನಿ ಸಣ್ಣದಾಗಿ ಬಂತು. "ಮನೇಲಿ ವಿಡಿಯೋ ಎಲ್ಲ ತೆಗೀತಿದ್ದಿದ್ದೇ ಪಪ್ಪಾ. ಹಿ ಈಸ್ ನಾಟ್ ಇನ್ ಎನಿ ಆಫ್ ದೆಮ್. ನಿಮ್ಮ ಹತ್ರ ಇರೋದು ಬಿಟ್ರೆ ನಮ್ಮ ಹತ್ರ ಏನೂ ಇಲ್ಲ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಕ್ಕೋರು ಫೋನ್ ತೆಗೆದುಕೊಂಡರು. "ನೋಡ್ರಿ, ಕಾರ್ಡಿನ ಮ್ಯಾಲೆ ಬ್ಯಾರೇದು ಬರದು ಆಗೇತಿ. ತಳದಾಗ ಏನರ ಉಳದಿರಬಹುದು, ಉಳದಿರಲಿಕ್ಕೂ ಇಲ್ಲ. ಬರ್ತೈತಿ ಅಂತ ನಾ ಮಾತು ಕೊಡಂಗಿಲ್ಲ. ದೊಡ್ಡ ಲ್ಯಾಬಿಗೆ ಕಳಸ್ರಿ ಅಂದ್ರ ಕಳಸ್ತೀನಿ. ನೀವು ಹೂಂ ಅಂದ್ರಷ್ಟೇ ನಾ ಮುಟ್ಟೂದು."

"ನೀವೇ ಮಾಡಿ, ಆಂಟಿ" ಎಂದಳು ಅವಳು.

ಆಂಟಿ ಎಂದದ್ದನ್ನು ಅಕ್ಕೋರು ತಿದ್ದಲಿಲ್ಲ.

ನಾಲ್ಕು ದಿನ ಹಿಡಿಯಿತು. ಮೊದಲು ಪ್ರತಿ ಕಾರ್ಡನ್ನೂ ಇಡಿಯಾಗಿ ನಕಲು ತೆಗೆದು, ಕಾರ್ಡುಗಳನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು. ಆಮೇಲೆ ನಕಲಿನ ಮೇಲೇ ಕೆಲಸ. ನನಗೆ ಏನನ್ನೂ ಮುಟ್ಟಗೊಡಲಿಲ್ಲ. ದಿನಾ ಬೆಳಿಗ್ಗೆ ಹೋಗಿ ನಲ್ಲಿ ಮುಟ್ಟಿ ಸ್ಟೂಲಿನ ಮೇಲೆ ಕೂರುವುದು, ಸಂಜೆ ಎದ್ದು ಬರುವುದು. ಪರದೆಯ ಮೇಲೆ ಹುಟ್ಟುಹಬ್ಬದ ಚೂರುಗಳು ಏಳುತ್ತಿದ್ದವು. ಬಲೂನು, ಕೇಕು, ಟೋಪಿ ಹಾಕಿಕೊಂಡ ಮಗು. ಆ ಮಗುವಿನ ಮೇಲೆ ನನಗೆ ಬಂದ ಕೋಪ ಹೇಳಲು ನಾಚಿಕೆಯಾಗುತ್ತದೆ. ಅಕ್ಕೋರು ಒಂದೊಂದು ಚೂರನ್ನೂ ನೋಡಿ, "ಇದಲ್ಲ" ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಇದಲ್ಲ, ಇದಲ್ಲ, ಇದಲ್ಲ. ಎರಡು ದಿನ ಅದೊಂದೇ ಮಾತು. ಊಟಕ್ಕೆ ಎದ್ದಾಗ ರೊಟ್ಟಿ ತಟ್ಟೆ ನನ್ನ ಕಡೆ ತಳ್ಳುತ್ತಿದ್ದರು. ಮಧ್ಯೆ ಮಧ್ಯೆ ಜೆರಿಕೋದಿಂದ ಮೆಸೇಜ್ ಬರುತ್ತಿತ್ತು. "ಎನಿಥಿಂಗ್?" ನಾನು "ಇನ್ನೂ ಇಲ್ಲ" ಎಂದು ಬರೆಯುತ್ತಿದ್ದೆ. ಬರೆಯುವ ಮೊದಲು ಅಕ್ಕೋರ ಮುಖ ನೋಡುತ್ತಿದ್ದೆ.

ಮೂರನೆಯ ಮಧ್ಯಾಹ್ನ ಪರದೆಯಲ್ಲಿ ಒಂದು ಭುಜ ಕಂಡಿತು. ಬಿಳಿ ಜುಬ್ಬಾದ ಭುಜ. ನಾನು ಕಿರುಚಿಯೇಬಿಟ್ಟೆ. "ಸುಮ್ಕಿರು" ಎಂದು ಅಕ್ಕೋರು ಒಂದು ಕಿವಿಗೆ ಹೆಡ್‌ಫೋನ್ ಹಚ್ಚಿ ಕಣ್ಣು ಮುಚ್ಚಿದರು. ಎಷ್ಟೋ ಹೊತ್ತಾದ ಮೇಲೆ ಅದನ್ನು ಬಿಚ್ಚಿ ನನ್ನ ಕಿವಿಗಿಟ್ಟರು. ಅಂಕಲ್ ದನಿ. ಗೊರಗೊರ ಶಬ್ದದ ನಡುವೆ, ಸ್ಪಷ್ಟವಾಗಿ.

ಸಿಕ್ಕಿದ್ದು ಒಟ್ಟು ಇಪ್ಪತ್ತು ನಿಮಿಷ ಇರಬಹುದು. ಶೂಟಿಂಗಿನ ಮೂರನೆಯ ದಿನದ ಕೊನೆಯ ತುಣುಕುಗಳು. ಮನೆ ಬಿಟ್ಟ ಕಥೆ ಇಲ್ಲ, ಮುಂಬಯಿ ಇಲ್ಲ, ಸಾಂಬಾರು ಇಲ್ಲ. ನಡುನಡುವೆ ಅಂಕಲ್ ದಣಿವಾರಿಸಿಕೊಳ್ಳುವಾಗ ನಾನು ಕ್ಯಾಮೆರಾ ನಿಲ್ಲಿಸಲು ಮರೆತಿದ್ದೆನಲ್ಲ, ಅಂಥವು. ಕೆಮ್ಮುವುದು, ಜುಬ್ಬಾದ ಗುಂಡಿ ಹುಡುಕುವುದು, ನನ್ನನ್ನು ಊಟಕ್ಕೆ ನಿಲ್ಲು ಎಂದು ಗದರಿಸುವುದು. ಅಳು ಬಂತು. "ಹೊರಗ ಹೋಗಿ ಅಳು" ಎಂದರು ಅಕ್ಕೋರು. "ಕೆಲಸ ಇನ್ನೂ ಮುಗದಿಲ್ಲ."

ಜೆರಿಕೋಗೆ ನಾನೊಬ್ಬಳೇ ಹೋಗಲಾರೆ ಎಂದು ಅವರಿಗೆ ಹೇಗೆ ಗೊತ್ತಾಯಿತೋ. ಶನಿವಾರ ಬೆಳಿಗ್ಗೆ ತಾವೇ ಕಾರು ತಂದು ನಮ್ಮ ಮನೆ ಮುಂದೆ ನಿಂತಿದ್ದರು. ಬಲಗಡೆಯ ಲೇನ್ ಬಿಡದೆ, ಹಿಂದಿನವರ ಹಾರ್ನಿಗೆ ಜಗ್ಗದೆ, ಸೇತುವೆಗಳನ್ನೆಲ್ಲ ದಾಟಿ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಒಂದೇ ಮಾತು ಹೇಳಿದರು. "ಕಡಿಮಿ ಐತಿ ಅಂತ ಮೊದಲ ಹೇಳು. ಆಮ್ಯಾಲೆ ಹಚ್ಚು."

ಅಂಕಲ್ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನನ್ನು ನೋಡಿ ಗುರುತು ಹಿಡಿದರು, ಬಾಯಿ ಒಂದು ಕಡೆಗೆ ಅಲ್ಲಾಡಿತು. ಮಗಳು ನನ್ನ ಮುಖ ನೋಡಲಿಲ್ಲ. "ತುಂಬಾ ಕಡಿಮೆ ಸಿಕ್ಕಿದೆ. ಕಥೆಗಳು ಯಾವುದೂ ಇಲ್ಲ. ನನ್ನಿಂದ ತಪ್ಪಾಯ್ತು" ಎಂದೆ. ಅಡುಗೆಮನೆಯಲ್ಲಿ ಅಂಕಲ್ ಹೆಂಡತಿ, ಆಂಟಿ, ಪಾತ್ರೆ ಸರಿಸುವುದು ಕೇಳುತ್ತಿತ್ತು, ನಾವು ಶುರುಮಾಡುವುದು ಅವರಿಗೆ ತಿಳಿದಿರಲಿಲ್ಲ. ಅಕ್ಕೋರು ಲ್ಯಾಪ್‌ಟಾಪ್ ಅಂಕಲ್ ಎದುರಿಗಿಟ್ಟು ಒತ್ತಿದರು.

ಮೊದಲು ಗೊರಗೊರ. ಆಮೇಲೆ ಕೆಮ್ಮು. ಆಮೇಲೆ ಆ ದೊಡ್ಡ ಗಂಟಲು, ಹೋಟೆಲಿನ ಗಲ್ಲಾದಿಂದ ಒಳಗಿನ ಅಡುಗೆಯವರಿಗೆ ಕೇಳುವಂತೆ ಕೂಗಿ ಅಭ್ಯಾಸವಾದ ಗಂಟಲು, ಮನೆ ತುಂಬಿತು. "ಏ, ಕೇಳ್ತದಾ? ಚಾ ಎಂಥ ಆಯ್ತು ಮಾರಾಯ್ತಿ? ಈ ಹುಡುಗಿಯ ಬಾಯಿ ಒಣಗಿತು!"

ಅಡುಗೆಮನೆಯಿಂದ ಉತ್ತರ ಬಂತು. "ಬಂದೆ, ಬಂದೆ! ಎರಡು ನಿಮಿಷ ತಡ್ಕೊಳ್ಳೋಕಾಗಲ್ವಾ ನಿಮಗೆ?"

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಂಟಿ ಸೆರಗಿನಲ್ಲಿ ಲೋಟ ಹಿಡಿದು ಸರಸರ ಬಂದವರು ಬಾಗಿಲಲ್ಲಿ ನಿಂತರು. ಲ್ಯಾಪ್‌ಟಾಪ್ ನೋಡಿದರು, ಗಂಡನನ್ನು ನೋಡಿದರು. ಅವರಿಗೆ ತಿಳಿಯಿತು. ಅಂಕಲ್ ಎಡಗೈ ಎತ್ತಿದರು, ಬೆರಳು ಬಿಡಿಸಿ ಅವರ ಕಡೆ ಚಾಚಿದರು, ಕೂಗಿದ್ದು ತಾನೇ, ತಾ ಇಲ್ಲಿ ಎನ್ನುವ ಹಾಗೆ. ಆಂಟಿ ಬಂದು ಲೋಟವನ್ನು ಆ ಕೈಗೆ ಕೊಟ್ಟರು.

ಅಕ್ಕೋರು ಪಕ್ಕದಲ್ಲಿರಲಿಲ್ಲ. ಹೊರಗೆ ಹೋಗಿ ನೋಡಿದರೆ ಕಾರಿಗೆ ಒರಗಿ ನಿಂತು, ಎರಡೂ ಕನ್ನಡಕ ಕೈಯಲ್ಲಿ ಹಿಡಿದು, ಹುಡುಗಿಯಂತೆ ಅಳುತ್ತಿದ್ದರು. ನನ್ನನ್ನು ಕಂಡದ್ದೇ ತಡ, ಮುಷ್ಟಿ ಕಟ್ಟಿ ನನ್ನ ಭುಜಕ್ಕೆ ಗುದ್ದಿದರು.

"ಇಪ್ಪತ್ತು ನಿಮಿಷಕ್ಕ ಹಿಂಗಾದ್ರ, ಮೂರು ದಿನದ್ದು ಹೋತಲ್ಲೇ ಹುಚ್ಚಿ! ಮೂರು ದಿನದ್ದು! ಎಷ್ಟಿತ್ತು ಅದರಾಗ, ಎಷ್ಟಿತ್ತು! ನನಗ ಸುಳ್ಳು ಹೇಳಿದೆಲ್ಲ ನೀ, ಒಂದ್ ದಿನ ತಡೀಲಿಕ್ಕಾಗಲಿಲ್ಲಲ್ಲ ನಿನಗ!"

ಆ ಮನೆಯ ಮುಂದಿನ ಹುಲ್ಲಿನ ಮೇಲೆ ನಾನು ಬೈಸಿಕೊಳ್ಳುತ್ತ ನಿಂತೆ. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು. ಅಕ್ಕೋರು ಬೈಯುವುದನ್ನು ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂದು ನನಗೆ ಭಯವಾಗುತ್ತಿತ್ತು.